ವಾರಗಿತ್ತಿಯ ಹೊಸ ಮನೆ, ನಿಮ್ಮ ಮನೆಯ ಮಗ

ಪ್ರಶ್ನೆ: ನನಗೆ 64 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸ್ವಂತ ಮನೆ ಇದೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆಗಿದ್ದೇನೆ, ಪೆನ್ಷನ್ ಬರುತ್ತದೆ. ನಮ್ಮ ಯಜಮಾನರು ಕಾಟನ್ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆದರು. ಮಗ ಇಲ್ಲೇ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾನೆ. ಸೊಸೆ, ಎರಡನೇ ಕ್ಲಾಸಿನ ಮೊಮ್ಮಗ, ಎಲ್ಲ ಒಟ್ಟಿಗೇ ಇದ್ದೇವೆ. ಭಾವನವರು ಚನ್ನಗಿರಿ ಕಡೆ ನಮ್ಮ ಊರಲ್ಲೇ ಉಳಿದವರು. 1994ರಲ್ಲಿ ಪಾಲಾದಾಗ ನಾಲೆ ನೀರಿನ ಜಮೀನು ಅವರಿಗೆ ಹೋಯಿತು. ನಾವು ನಮ್ಮ ಭಾಗಕ್ಕೆ ದುಡ್ಡು ತಗೊಂಡು ಈ ಮನೆ ಕಟ್ಟಿಸಿದೆವು. ಈಗ ಅವರದು ದೊಡ್ಡ ಅಡಿಕೆ ತೋಟ. ಮಗ ಅಮೆರಿಕದಲ್ಲಿದ್ದಾನೆ. ಮೊನ್ನೆ ಎಸ್.ಎಸ್. ಬಡಾವಣೆಯಲ್ಲಿ ಎರಡು ಮಹಡಿಯ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದರು. ಅಲ್ಲಿಂದ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಏನೋ ಮಾತಿಗೆ ಮಗನಿಗೆ, ‘ಅವನ ಉಗುರಿಗೆ ಸಮ ಇಲ್ಲ ನೀನು’ ಅಂದುಬಿಟ್ಟೆ. ಸೊಸೆ ಅಲ್ಲೇ ಇದ್ದಳು. ಅವತ್ತಿನಿಂದ ಮಗ ಲೇಟಾಗಿ ಬರುತ್ತಾನೆ, ತಲೆ ಎತ್ತದೆ ಊಟ ಮಾಡಿ ಹೋಗುತ್ತಾನೆ. ಪೂಜೆ, ಧ್ಯಾನ ಎಲ್ಲ ಮಾಡುತ್ತೇನೆ, ಈ ಹೊಟ್ಟೆಕಿಚ್ಚು ಹೋಗುತ್ತಿಲ್ಲ. ‘ಅವಳಿಗೆ ಎಷ್ಟಿದ್ದರೇನು, ಮಗ ಹತ್ತಿರ ಇಲ್ಲವಲ್ಲ’ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಅದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದುಗ್ಗಮ್ಮನ ಜಾತ್ರೆಗೆ ಎಲ್ಲರೂ ನಮ್ಮ ಮನೆಗೇ ಬರುತ್ತಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೇಲೆ ತುಂಬಾ ಮೊಟಕು ಮಾಡಿ ಕೊಟ್ಟಿದ್ದೇನೆ. ಮೂಲ ಪತ್ರದಲ್ಲಿ ವಾರಗಿತ್ತಿಯ ಬಗ್ಗೆ ಪುಟಗಟ್ಟಲೆ ಇದೆ. ಟೈಲ್ಸ್ ಎಲ್ಲಿಂದ ತರಿಸಿದರು, ದೇವರಮನೆ ಬಾಗಿಲು ಯಾವ ಮರದ್ದು, ಅಡುಗೆಯವರಿಗೆ ಎಷ್ಟು ಕೊಟ್ಟರು, ಎಲ್ಲವೂ ಇದೆ. ಮಗನ ಬಗ್ಗೆ ಇರುವುದು ನಾಲ್ಕೇ ಸಾಲು. ನಾನು ಆ ನಾಲ್ಕು ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಿಮ್ಮ ಸಂಕಟದಿಂದ ನಿಮ್ಮ ವಾರಗಿತ್ತಿಗೆ ಏನೂ ಆಗಿಲ್ಲ. ಅವರಿಗೆ ಇದು ಗೊತ್ತೇ ಇಲ್ಲದಿರಬಹುದು. ಪೆಟ್ಟು ಬಿದ್ದಿರುವುದು ನಿಮ್ಮ ಮಗನಿಗೆ.

ಅದನ್ನು ಮೊದಲು ಸರಿ ಮಾಡಿ. ಹೊಟ್ಟೆಕಿಚ್ಚು ಹೋದ ಮೇಲೆ ಮಗನ ಹತ್ತಿರ ಮಾತಾಡೋಣ ಅಂತ ಕಾಯಬೇಡಿ. ಅದು ಪೂರ್ತಿ ಹೋಗೋದಕ್ಕೆ ತಿಂಗಳುಗಳೇ ಹಿಡಿಯಬಹುದು. ಮಗನ ಹತ್ತಿರ ಮಾತಾಡೋದಕ್ಕೆ ಐದು ನಿಮಿಷ ಸಾಕು.

ಹೇಗೆ ಮಾತಾಡುವುದು? ನಮ್ಮ ಕಡೆ ತಾಯಂದಿರು ಮಕ್ಕಳ ಹತ್ತಿರ ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಅವನಿಗೆ ಇಷ್ಟ ಅಂತ ಏನಾದರೂ ಮಾಡಿ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಸಣ್ಣಪುಟ್ಟ ಜಗಳಕ್ಕೆ ಅದು ನಡೆಯುತ್ತದೆ. ಹೆಂಡತಿಯ ಎದುರು ಕೇಳಿಸಿಕೊಂಡ ಇಂಥ ಮಾತಿಗೆ ನಡೆಯುವುದಿಲ್ಲ. ಬಾಯಿಂದ ಬಂದದ್ದನ್ನು ಬಾಯಿಂದಲೇ ತೆಗೆಯಬೇಕು. ಅದೂ ಸೊಸೆ ಇರುವಾಗಲೇ. ‘ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣಪ್ಪ. ನನಗೇ ಏನೋ ಸಂಕಟ ಇತ್ತು, ಅದನ್ನ ನಿನ್ನ ಮೇಲೆ ಹಾಕಿದೆ.’ ಇಷ್ಟು ಹೇಳಿ ಸುಮ್ಮನಾಗಿ. ‘ಆದರೆ ನೀನೂ ಸ್ವಲ್ಪ...’ ಅಂತ ಬಾಲ ಸೇರಿಸಬೇಡಿ. ಅವನು ‘ಬಿಡಮ್ಮ’ ಅಂತ ಎದ್ದು ಹೋಗಬಹುದು, ಏನೂ ಹೇಳದೆಯೂ ಇರಬಹುದು. ಎರಡಕ್ಕೂ ಬೇಸರ ಮಾಡಿಕೊಳ್ಳಬೇಡಿ. ಗಂಡುಮಕ್ಕಳಿಗೆ ಇಂಥ ಮಾತು ಅರಗಿಸಿಕೊಳ್ಳೋದಕ್ಕೆ ಟೈಮ್ ಬೇಕು.

ಇನ್ನು ನಿಮ್ಮ ಪ್ರಶ್ನೆ. ಈ ವಯಸ್ಸಿನಲ್ಲಿ ಯಾಕೆ ಹೀಗೆ?

ಮೊದಲು ಒಂದು ನಾಚಿಕೆಯನ್ನು ಪಕ್ಕಕ್ಕಿಡೋಣ. ಅರವತ್ತು ದಾಟಿದವರು ಎಲ್ಲ ಬಿಟ್ಟು ಶಾಂತವಾಗಿ ಇರಬೇಕು ಅನ್ನುವುದು ಜನ ಹೇಳುವ ಮಾತು. ಮನಸ್ಸು ಹಾಗೆ ನಡೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ 18ರಿಂದ 80 ವರ್ಷದವರೆಗಿನವರನ್ನು ಈ ಬಗ್ಗೆ ಕೇಳಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ವಯಸ್ಸಾದಂತೆ ಹೊಟ್ಟೆಕಿಚ್ಚು ಸ್ವಲ್ಪ ಕಡಿಮೆಯಾಗುತ್ತದೆ ಅನ್ನುವುದು ನಿಜ. ಹಾಗಿದ್ದೂ 50 ದಾಟಿದವರಲ್ಲಿ ಹತ್ತಕ್ಕೆ ಸುಮಾರು ಏಳು ಜನ ಹಿಂದಿನ ಒಂದು ವರ್ಷದಲ್ಲಿ ಯಾರ ಮೇಲಾದರೂ ಹೊಟ್ಟೆಕಿಚ್ಚು ಪಟ್ಟಿದ್ದೇವೆ ಅಂದರು. ಯಾರ ಮೇಲೆ ಅನ್ನುವುದು ಇನ್ನೂ ಸ್ವಾರಸ್ಯ. ಹೆಂಗಸರು ಹೆಚ್ಚಾಗಿ ಹೆಂಗಸರ ಮೇಲೆ, ಗಂಡಸರು ಗಂಡಸರ ಮೇಲೆ, ಅದೂ ಹೆಚ್ಚುಕಡಿಮೆ ತಮ್ಮದೇ ವಯಸ್ಸಿನವರ ಮೇಲೆ.

ನೀವೇ ನೋಡಿ. ದಾವಣಗೆರೆಯಲ್ಲಿ ನಿಮ್ಮ ವಾರಗಿತ್ತಿಗಿಂತ ನೂರು ಪಾಲು ಶ್ರೀಮಂತರು ಇದ್ದಾರೆ. ಅವರ ಬಂಗಲೆಗಳ ಮುಂದೆ ನೀವು ಎಷ್ಟೋ ಸಲ ಆಟೋದಲ್ಲಿ ಹೋಗಿರುತ್ತೀರಿ. ಒಂದು ರಾತ್ರಿಯಾದರೂ ನಿದ್ದೆ ಕೆಟ್ಟಿದೆಯಾ? ಇಲ್ಲ. ನಿದ್ದೆ ಕೆಡಿಸಿದ್ದು ಒಂದೇ ಮನೆಗೆ ಸೊಸೆಯಾಗಿ ಬಂದ, ಒಂದೇ ಒಲೆಯ ಮೇಲೆ ನಿಮ್ಮ ಜೊತೆ ರೊಟ್ಟಿ ಬಡಿದ ಹೆಂಗಸಿನ ಮನೆ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ವಿವರಿಸಿದ. ನಾನು ಹೇಗಿದ್ದೇನೆ ಅಂತ ಅಳೆಯಲು ಬೇರೆ ಅಳತೆ ಸಿಗದಿದ್ದಾಗ ಮನುಷ್ಯ ಇನ್ನೊಬ್ಬನ ಪಕ್ಕ ನಿಂತು ಅಳೆದುಕೊಳ್ಳುತ್ತಾನೆ. ಆ ಇನ್ನೊಬ್ಬ ತನ್ನಂತೆಯೇ ಇರುವವನಾಗಿರಬೇಕು. ಒಂದೇ ಗೆರೆಯಿಂದ ಓಟ ಶುರು ಮಾಡಿದವರು ಮುಂದೆ ಹೋದರೆ ಮಾತ್ರ ನಮಗೆ ಹಿಂದೆ ಬಿದ್ದೆವು ಅನ್ನಿಸುತ್ತದೆ.

ಇದು ಎಷ್ಟು ಆಳಕ್ಕೆ ಹೋಗುತ್ತದೆ ಗೊತ್ತಾ? ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಒಂದು ಪ್ರಶ್ನೆ ಕೇಳಿದ್ದರು, 1998ರಲ್ಲಿ ಪ್ರಕಟವಾಯಿತು. ನಿಮಗೆ ವರ್ಷಕ್ಕೆ 50 ಸಾವಿರ ಡಾಲರ್, ಉಳಿದವರಿಗೆಲ್ಲ 25 ಸಾವಿರ. ಅಥವಾ ನಿಮಗೆ 1 ಲಕ್ಷ, ಉಳಿದವರಿಗೆಲ್ಲ 2 ಲಕ್ಷ. ಎರಡು ಕಡೆಯೂ ಸಾಮಾನಿನ ಬೆಲೆ ಒಂದೇ. ಯಾವುದು ಬೇಕು? ಹೆಚ್ಚುಕಡಿಮೆ ಅರ್ಧ ಜನ ಮೊದಲನೆಯದನ್ನು ಆರಿಸಿದರು. ಕೈಗೆ ಬರುವ ದುಡ್ಡು ಅರ್ಧವಾದರೂ ಪರವಾಗಿಲ್ಲ, ಪಕ್ಕದವರಿಗಿಂತ ಜಾಸ್ತಿ ಇದ್ದರೆ ಸಾಕು! ಅಷ್ಟು ಓದಿದವರ ಕಥೆಯೇ ಇದು. ಹಾಗಾಗಿ ನಿಮ್ಮಲ್ಲಿ ಏನೋ ವಿಶೇಷ ಕೆಟ್ಟತನ ಇದೆ ಅಂದುಕೊಂಡು ಇನ್ನೊಂದು ವ್ರತ ಹಿಡಿಯುವ ಅಗತ್ಯ ಇಲ್ಲ. ಪೂಜೆ ಮಾಡಿ, ಒಳ್ಳೆಯದೇ. ಅದು ಈ ಕೆಲಸ ಮಾಡಲಿ ಅಂತ ಮಾತ್ರ ಕಾಯಬೇಡಿ.

ನಿಮ್ಮ ಪ್ರಕರಣದಲ್ಲಿ ಇನ್ನೊಂದು ಗಂಟು ಇದೆ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಪತ್ರದ ನಡುವೆ ನೀವೇ ಬರೆದಿದ್ದೀರಿ: ‘ಹಳ್ಳಿಯಲ್ಲಿ ಇರೋದು ಬೇಡ, ಮಕ್ಕಳನ್ನು ದಾವಣಗೆರೆಯಲ್ಲಿ ಓದಿಸೋಣ, ದುಡ್ಡು ಇಸ್ಕೊಳ್ಳಿ ಅಂತ ನಾನೇ ಹಠ ಹಿಡಿದಿದ್ದೆ.’ ಆಮೇಲೆ ಇನ್ನೊಂದು ಕಡೆ, ‘ಭಾವನವರು ನಮಗೆ ಮೋಸ ಮಾಡಿದರು’ ಅಂತಲೂ ಬರೆದಿದ್ದೀರಿ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅಮ್ಮಾ?

ಸ್ವಲ್ಪ ಬಿಡಿಸಿ ನೋಡೋಣ. ಇಲ್ಲಿ ಮೂರು ಬೇರೆ ಬೇರೆ ನೋವು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಅವರಿಗೆ ಇದೆ, ನಮಗೆ ಇಲ್ಲ ಅನ್ನುವುದು ಹೊಟ್ಟೆಕಿಚ್ಚು. ನಮಗೆ ಬರಬೇಕಾದದ್ದು ಬರಲಿಲ್ಲ ಅನ್ನುವುದು ಅನ್ಯಾಯದ ಸಿಟ್ಟು. ನಾನೇ ಅವತ್ತು ಬೇರೆ ಥರ ಯೋಚನೆ ಮಾಡಬೇಕಿತ್ತು ಅನ್ನುವುದು ಪಶ್ಚಾತ್ತಾಪ. ಮೂರಕ್ಕೂ ಒಂದೇ ಔಷಧಿ ಹಾಕಿದರೆ ಯಾವುದೂ ವಾಸಿಯಾಗುವುದಿಲ್ಲ. ಧ್ಯಾನಕ್ಕೆ ಕೂತಾಗಲೆಲ್ಲ ಭಾವನವರ ಮುಖ ಬರುತ್ತದೆ ಅಂದಿದ್ದೀರಲ್ಲ, ಅದು ಹೊಟ್ಟೆಕಿಚ್ಚಿನ ಲಕ್ಷಣಕ್ಕಿಂತ ಬಾಕಿ ಲೆಕ್ಕದ ಲಕ್ಷಣ.

ಲೆಕ್ಕ ಬಾಕಿ ಇದ್ದರೆ ಲೆಕ್ಕದ ಥರವೇ ಮುಗಿಸಬೇಕು. ಯಜಮಾನರನ್ನು ಕೂರಿಸಿಕೊಂಡು ಒಂದು ಸಂಜೆ ಕೇಳಿ. 1994ರಲ್ಲಿ ನಿಜವಾಗಿ ಏನಾಯಿತು? ಜಮೀನಿನ ಬೆಲೆ ಯಾರು ಕಟ್ಟಿದರು? ಪಾಲುಪತ್ರದಲ್ಲಿ ಏನಿದೆ? ಮನೆಯ ಸಾಲ ಏನಾದರೂ ಅಣ್ಣನ ತಲೆಗೆ ಬಂದಿತ್ತಾ? ನಿಮ್ಮ ಪತ್ರದಲ್ಲಿ ಅವರ ಒಂದು ಮಾತೂ ಇಲ್ಲ. ಅಣ್ಣತಮ್ಮಂದಿರ ನಡುವಿನ ಎಷ್ಟೋ ಸಂಗತಿ ಹೆಂಡತಿಯರಿಗೆ ಪೂರ್ತಿ ಗೊತ್ತಿರುವುದಿಲ್ಲ, ಇದು ನಾನು ಬಹಳ ಮನೆಗಳಲ್ಲಿ ಕಂಡದ್ದು. ಕೇಳಿದ ಮೇಲೂ ಮೋಸ ಆಗಿದೆ ಅನ್ನಿಸಿದರೆ ಪಾಲುಪತ್ರ ತೆಗೆದುಕೊಂಡು ಒಬ್ಬ ವಕೀಲರ ಹತ್ತಿರ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಆಯಿತು. ಇಷ್ಟು ವರ್ಷದ ಮೇಲೆ ಅದನ್ನು ಮತ್ತೆ ತೆರೆಯುವುದು ಸುಲಭ ಇಲ್ಲ, ವಕೀಲರೂ ಹಾಗೇ ಹೇಳುವ ಸಂಭವ ಜಾಸ್ತಿ. ಆದರೂ ಹೋಗಿ ಅನ್ನುತ್ತೇನೆ. ‘ಕೇಸು ಇಲ್ಲ’ ಅಂತ ಒಬ್ಬರು ಕಾಗದ ನೋಡಿ ಹೇಳುವುದಕ್ಕೂ, ನೀವು ರಾತ್ರಿ ಒಬ್ಬರೇ ಕೂತು ವಾದ ಮಾಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಪಶ್ಚಾತ್ತಾಪದ ಮಾತಿಗೆ ಬಂದರೆ, ನೀವು ಇವತ್ತಿನ ರೇಟು ಹಿಡಿದುಕೊಂಡು ಅವತ್ತಿನ ನಿಮ್ಮನ್ನು ಬೈಯುತ್ತಿದ್ದೀರಿ. ರಾಶಿ ಅಡಿಕೆ ಕ್ವಿಂಟಾಲಿಗೆ 40 ಸಾವಿರ ದಾಟಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. 1994ರಲ್ಲಿ ಈ ಬೆಲೆ ಯಾರ ಕನಸಿನಲ್ಲೂ ಇರಲಿಲ್ಲ. ಆಗ ನಿಮ್ಮ ಕೈಯಲ್ಲಿದ್ದದ್ದು ಏನು? ಊರಿನಿಂದ ದೂರ ಒಂದು ಸರ್ಕಾರಿ ನೌಕರಿ, ಇಂದೋ ನಾಳೆಯೋ ಅನ್ನುವಂತಿದ್ದ ಗಂಡನ ಮಿಲ್ಲಿನ ಕೆಲಸ, ಎರಡು ಚಿಕ್ಕ ಮಕ್ಕಳು. ಆಗಿನ ದಾವಣಗೆರೆಯ ಮಿಲ್ಲು ಕಾರ್ಮಿಕರ ಮನೆಗಳಲ್ಲಿ ಬಾಡಿಗೆ ಕಟ್ಟೋದಕ್ಕೂ ಕಷ್ಟಪಟ್ಟವರು ಎಷ್ಟೋ ಜನ. ಅಂಥ ಹೊತ್ತಿನಲ್ಲಿ ತಲೆಯ ಮೇಲೊಂದು ಸೂರು ಮಾಡಿಕೊಂಡದ್ದು ದಡ್ಡತನ ಅಲ್ಲ. ಇನ್ನು ತೋಟ ಅಂದರೆ ಸುಮ್ಮನೆ ಮರದಿಂದ ದುಡ್ಡು ಉದುರುವುದಲ್ಲ. ಅಡಿಕೆ ಸಸಿ ಇಟ್ಟರೆ ಫಸಲು ಕಾಣಲು ಐದಾರು ವರ್ಷ ಕಾಯಬೇಕು. 2016-17ರ ಬರದಲ್ಲಿ ಚನ್ನಗಿರಿ, ಹೊಳಲ್ಕೆರೆ ಕಡೆ ಟ್ಯಾಂಕರಿನಲ್ಲಿ ನೀರು ಹೊಡೆಸಿ ತೋಟ ಉಳಿಸಿಕೊಂಡವರ ಪಾಡು ನಿಮಗೂ ಗೊತ್ತು. ನಿಮ್ಮ ಭಾವನವರು ಆ ವರ್ಷ ಎಷ್ಟು ಸಾಲ ಮಾಡಿದರೋ ಕೇಳಿದ್ದೀರಾ? ಅವರು ಗೆದ್ದ ಮೇಲೆ ಅವರ ಪಾಲು ನಮಗೆ ಬೇಕಿತ್ತು ಅನ್ನಿಸುತ್ತದೆ. ಆ ಟ್ಯಾಂಕರಿನ ವರ್ಷ ಹಾಗೆ ಅನ್ನಿಸಿತ್ತಾ?

ಈಗ ಆ ‘ಮಗ ಹತ್ತಿರ ಇಲ್ಲವಲ್ಲ’ ಅನ್ನುವ ಸಮಾಧಾನ. ಇದನ್ನು ನಿಮಗೆ ಬೇರೆಯವರೂ ಹೇಳಿರುತ್ತಾರೆ. ಅಕ್ಕಪಕ್ಕದವರು, ದೇವಸ್ಥಾನದಲ್ಲಿ ಸಿಗುವ ಗೆಳತಿಯರು. ಕೇಳೋದಕ್ಕೆ ಬುದ್ಧಿಮಾತಿನ ಥರ ಇರುತ್ತದೆ. ನನಗೆ ಇದು ಸರಿಬರುವುದಿಲ್ಲ.

ಜಪಾನಿನ ಕೆಲವು ಸಂಶೋಧಕರು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ತಮ್ಮಂತೆಯೇ ಇದ್ದು ತಮಗಿಂತ ಮುಂದೆ ಹೋದವರ ಬಗ್ಗೆ ಓದಿಸಿದರು. 2009ರಲ್ಲಿ ಬಂದ ಅಧ್ಯಯನ. ಹೊಟ್ಟೆಕಿಚ್ಚು ಎದ್ದಾಗ ಮೆದುಳಿನಲ್ಲಿ ನೋವಿಗೆ ಸಂಬಂಧಪಟ್ಟ ಒಂದು ಭಾಗ ಚುರುಕಾಯಿತು. ಆಮೇಲೆ ಅದೇ ವ್ಯಕ್ತಿಗೆ ಏನೋ ಕೆಟ್ಟದಾಯಿತು ಅಂತ ಓದಿಸಿದರು. ಆಗ ಸಂತೋಷಕ್ಕೆ ಸಂಬಂಧಪಟ್ಟ ಭಾಗ ಎದ್ದಿತು. ಮೊದಲು ಯಾರಿಗೆ ನೋವು ಜಾಸ್ತಿ ಆಗಿತ್ತೋ ಅವರಿಗೆ ಈ ಸಂತೋಷವೂ ಜಾಸ್ತಿ. ಅಂದರೆ ನೀವು ‘ಅವಳ ಮಗ ದೂರ’ ಅಂತ ಸಮಾಧಾನ ಪಡುವುದು ಹೊಟ್ಟೆಕಿಚ್ಚಿಗೆ ಮದ್ದು ಆಗುವುದಿಲ್ಲ, ಅದು ಅದರದೇ ಇನ್ನೊಂದು ಮಗ್ಗುಲು. ಅದಕ್ಕೇ ಹೆಚ್ಚು ಹೊತ್ತು ನಿಲ್ಲುತ್ತಿಲ್ಲ. ಅವರ ಮಗ ದಿನಾ ವಿಡಿಯೋ ಕಾಲ್ ಮಾಡುತ್ತಾನೆ ಅಂತ ಗೊತ್ತಾದರೆ ಮುಗಿಯಿತು. ಡಿಸೆಂಬರಿನಲ್ಲಿ ಹೆಂಡತಿ ಮಕ್ಕಳ ಜೊತೆ ಬಂದು ಒಂದು ತಿಂಗಳು ಇದ್ದರಂತೂ ನಿಮ್ಮ ಸಮಾಧಾನ ಪೂರ್ತಿ ಬಿದ್ದುಹೋಗುತ್ತದೆ.

ಇದರಲ್ಲಿ ಇನ್ನೂ ಒಂದು ತೊಂದರೆ ಇದೆ. ಹತ್ತಿರ ಇರುವ ಮಗನಿಗೆ ನಿಮ್ಮ ಲೆಕ್ಕದಲ್ಲಿ ಸ್ವಂತ ಬೆಲೆ ಇರುವುದಿಲ್ಲ. ವಾರಗಿತ್ತಿಯ ಎದುರು ಎಸೆಯಲು ಒಂದು ಇಸ್ಪೀಟು ಎಲೆ ಬೇಕು, ಅದಕ್ಕೆ ಅವನು ಬೇಕು. ಅವನು ಸಂಬಳದಲ್ಲಿ ಸೋತರೆ ‘ಉಗುರಿಗೆ ಸಮ ಇಲ್ಲ’, ದೂರದ ಲೆಕ್ಕದಲ್ಲಿ ಗೆದ್ದರೆ ‘ನನ್ನ ಮಗ ಹತ್ತಿರ ಇದ್ದಾನೆ’. ಎರಡರಲ್ಲೂ ಅವನು ಕಾಣುವುದಿಲ್ಲ.

‘ನಿಮಗಿಂತ ಕೆಳಗಿರುವವರನ್ನು ನೋಡಿ ಸಮಾಧಾನ ಪಡಿ’ ಅನ್ನುವುದೂ ಇದೇ ಜಾತಿಯ ಸಲಹೆ. ಅಲ್ಲೂ ಅಳೆಯುವ ಚಾಳಿ ಹಾಗೇ ಇರುತ್ತದೆ, ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಜನ ಮಾತ್ರ ಬದಲು. ಇನ್ನು ‘ಎಲ್ಲರ ಮನೆ ದೋಸೆನೂ ತೂತೇ’ ಅಂತೀರಾ, ನಿಜ. ನಮ್ಮ ಊರಿನ ಬೆಣ್ಣೆ ದೋಸೆಗೂ ತೂತು ಇರುತ್ತದೆ, ಬೆಣ್ಣೆ ಜಾಸ್ತಿ ಇರುವುದರಿಂದ ಕಾಣುವುದಿಲ್ಲ ಅಷ್ಟೆ. ಹಾಗಂತ ಇನ್ನೊಬ್ಬರ ಹೆಂಚಿನ ಹತ್ತಿರ ತೂತು ಎಣಿಸಲು ಹೋಗಿ ನಿಂತರೆ ನಮ್ಮ ಮನೆಯ ದೋಸೆ ಸೀಯುತ್ತದೆ.

ಹಾಗಾದರೆ ಮಗನನ್ನು ನೋಡುವುದು ಹೇಗೆ? ನಿಮ್ಮ ಪತ್ರದಲ್ಲಿ ಒಂದು ವಿಷಯ ಅರ್ಧ ಸಾಲಿನಲ್ಲಿ ಬಂದು ಹೋಗುತ್ತದೆ. 2019ರಲ್ಲಿ ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆದ ರಾತ್ರಿ ‘ಮಗ ಆಸ್ಪತ್ರೆಗೆ ಸೇರಿಸಿದ, ಆಮೇಲೆ ಬೆಂಗಳೂರಿನ ಕೆಲಸಕ್ಕೆ ಹೋಗಲಿಲ್ಲ.’ ಅಲ್ಲಿಂದ ನೇರ ಗೃಹಪ್ರವೇಶದ ಊಟಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಒಂದು ಅಭ್ಯಾಸ ಹೇಳುತ್ತೇನೆ. ದೇವರು ಕೊಟ್ಟಿದ್ದನ್ನೆಲ್ಲ ದಿನಾ ಬರೆಯಿರಿ ಅಂತ ಈಗ ಎಲ್ಲರೂ ಹೇಳುತ್ತಾರೆ. ದಿನಾ ಬರೆದರೆ ಅದೂ ಹಾಜರಿ ಪುಸ್ತಕದ ಥರ ಆಗುತ್ತದೆ, ಟೀಚರ್ ಆಗಿದ್ದ ನಿಮಗೆ ನಾನು ಹೇಳಬೇಕಿಲ್ಲ. ಇದು ಬೇರೆ. ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವರಿಗೆ, ನಿಮ್ಮ ಗಂಡ ಅಥವಾ ಹೆಂಡತಿ ನಿಮಗೆ ಹೇಗೆ ಸಿಕ್ಕರು ಬರೆಯಿರಿ ಅಂದರು. ಇನ್ನು ಕೆಲವರಿಗೆ, ಅವರು ಸಿಗದೇ ಹೋಗಬಹುದಿತ್ತು ಅನ್ನುವುದನ್ನು ಬರೆಯಿರಿ ಅಂದರು. ಸಿಗದೇ ಹೋಗಬಹುದಿತ್ತು ಅಂತ ಬರೆದವರೇ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತರಾಗಿ ಎದ್ದರು. ಕಾರಣ ಸರಳ. ದಿನಾ ಕಣ್ಣಿಗೆ ಬೀಳುವುದಕ್ಕೆ ಮನಸ್ಸು ಒಗ್ಗಿಹೋಗಿರುತ್ತದೆ. ಅದು ಇಲ್ಲದೇ ಇರಬಹುದಿತ್ತು ಅಂದಾಗ ಮತ್ತೆ ಕಾಣುತ್ತದೆ.

ಒಂದು ಹಾಳೆ ತೆಗೆದುಕೊಂಡು 2019ರ ಆ ರಾತ್ರಿಯನ್ನು ಮಗ ಇಲ್ಲದ ಹಾಗೆ ಬರೆಯಿರಿ. ಹಾರ್ಟ್ ಅಟ್ಯಾಕ್ ಆದಾಗ ರಕ್ತ ಸಿಗದ ಹೃದಯದ ಸ್ನಾಯು ಹೊತ್ತು ಹೋದಂತೆ ಸಾಯುತ್ತಾ ಹೋಗುತ್ತದೆ. ಅದಕ್ಕೇ ವೈದ್ಯರು ಮೊದಲ ಗಂಟೆಗೆ ಅಷ್ಟು ಬೆಲೆ ಕೊಡುವುದು. ಯಾರಿಗೆ ಫೋನ್ ಮಾಡುತ್ತಿದ್ದಿರಿ? ಆಟೋ ಸಿಗುತ್ತಿತ್ತಾ? ಆಸ್ಪತ್ರೆಯ ಕೌಂಟರಿನಲ್ಲಿ ಯಾರು ನಿಲ್ಲುತ್ತಿದ್ದರು, ಐಸಿಯು ಹೊರಗೆ ನಿಮ್ಮ ಪಕ್ಕ ಯಾರು ಕೂರುತ್ತಿದ್ದರು? ಅವಸರ ಬೇಡ, ಪೂರ್ತಿ ಬರೆಯಿರಿ. ಇದನ್ನು ದಿನಾ ಮಾಡಬೇಡಿ, ವಾರಕ್ಕೆ ಒಂದು ಸಾಕು. ಮುಂದಿನ ವಾರ ಸೊಸೆ ಬಗ್ಗೆ. ಅದರ ಮುಂದಿನ ವಾರ ಯಜಮಾನರ ಬಗ್ಗೆ.

ಇನ್ನೊಂದು ಸಂಗತಿ ಯೋಚಿಸಿ. ಬೆಂಗಳೂರಿನ ಕೆಲಸ ಬಿಟ್ಟದ್ದಕ್ಕೆ ನಿಮ್ಮ ಮಗನಿಗೂ ಒಳಗೊಳಗೇ ಏನಾದರೂ ಇರಬಹುದಲ್ವಾ? ಅವನ ಜೊತೆ ಓದಿದವರು ಎಲ್ಲೆಲ್ಲೋ ಇದ್ದಾರೆ. ಅವರ ಫೋಟೋ ಅವನ ಫೋನಿಗೂ ಬರುತ್ತದೆ. ತಾನು ಬಿಟ್ಟುಕೊಟ್ಟದ್ದನ್ನು ಬೇರೆ ಯಾರೂ ನೆನಪಿಡದಿದ್ದರೂ ಅಮ್ಮ ನೆನಪಿಟ್ಟಿರುತ್ತಾಳೆ ಅಂತ ಅವನು ನಂಬಿರುತ್ತಾನೆ. ‘ಉಗುರಿಗೆ ಸಮ ಇಲ್ಲ’ ಅನ್ನುವ ಮಾತು ಅದಕ್ಕೇ ಅಷ್ಟು ಒಳಗೆ ಹೋಗಿದೆ. ಮಾತಾಡುವಾಗ ಸಾಧ್ಯವಾದರೆ ಆ ರಾತ್ರಿಯ ವಿಷಯವನ್ನೂ ಎತ್ತಿ. ಹೊಗಳಬೇಡಿ. ನಿಮಗೆ ಅದು ನೆನಪಿದೆ ಅಂತ ಅವನಿಗೆ ಗೊತ್ತಾದರೆ ಸಾಕು.

ಮೊಮ್ಮಗ ಇದ್ದಾನೆ ಅನ್ನುವುದನ್ನೂ ಮರೆಯಬೇಡಿ. ಎರಡನೇ ಕ್ಲಾಸಿನ ಮಗು ಇಂಥ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದೆ. ತನ್ನ ಅಪ್ಪನನ್ನು ಅಜ್ಜಿ ಯಾವ ತಕ್ಕಡಿಯಲ್ಲಿ ತೂಗುತ್ತಾಳೋ ತನ್ನನ್ನೂ ಅದರಲ್ಲೇ ತೂಗುತ್ತಾಳೆ ಅಂತ ಅದಕ್ಕೆ ಅರ್ಥವಾಗಲು ಹೆಚ್ಚು ದಿನ ಬೇಕಿಲ್ಲ.

ರಿಟೈರ್ ಆದ ಮೇಲೆ ಈ ಕಾಟ ಜಾಸ್ತಿ ಆಯಿತು ಅಂದಿದ್ದೀರಿ. ನನಗೆ ಆಶ್ಚರ್ಯ ಇಲ್ಲ. ಶಾಲೆಯಲ್ಲಿ ಇದ್ದಾಗ ನಿಮಗೆ ನಿಮ್ಮದೇ ಅಳತೆ ಇತ್ತು. ಜೂನಿನಲ್ಲಿ ಅಕ್ಷರ ಬಾರದ ಮಗು ಮಾರ್ಚಿನಲ್ಲಿ ಪಾಠ ಓದಿದರೆ ಅವತ್ತು ನೀವು ಗೆದ್ದಹಾಗೆ. ವಾರಗಿತ್ತಿಯ ತೋಟ ಆಗಲೂ ಇತ್ತು, ನಿಮ್ಮ ತಲೆಗೆ ಬರುತ್ತಿರಲಿಲ್ಲ. ಈಗ ಆ ಅಳತೆ ಹೋಗಿದೆ. ಉಳಿದಿರುವುದು ಮನೆ, ಕಾರು, ಮಗನ ಸಂಬಳ. ಮೊಮ್ಮಗ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಬಂದ ಕಡೆಯೆಲ್ಲ ತಡವರಿಸುತ್ತಾನೆ ಅಂತ ಬೇಸರದಿಂದ ಬರೆದಿದ್ದೀರಿ. ಮೂವತ್ತು ವರ್ಷ ಒತ್ತಕ್ಷರ ಕಲಿಸಿದವರು ಮನೆಯಲ್ಲೇ ಇದ್ದೀರಲ್ಲ! ಸಂಜೆ ಅರ್ಧ ಗಂಟೆ ಕೂರಿಸಿಕೊಳ್ಳಿ. ಬೀದಿಯ ಇನ್ನಿಬ್ಬರು ಮಕ್ಕಳೂ ಬಂದರೆ ಬರಲಿ. ದುಡ್ಡು ತಗೊಳ್ಳಬೇಡಿ, ಮತ್ತೆ ಅಳತೆ ಬದಲಾಗುತ್ತದೆ.

ವಾಟ್ಸಾಪಿನ ಕುಟುಂಬದ ಗ್ರೂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಟ್ಟು ಹೊರಗೆ ಬರಬೇಡಿ, ಅದೇ ಒಂದು ದೊಡ್ಡ ಸುದ್ದಿಯಾಗುತ್ತದೆ. ಮ್ಯೂಟ್ ಮಾಡಿ, ದಿನಕ್ಕೆ ಒಂದು ಸಲ ನೋಡಿ. ಮಲಗುವ ಮುಂಚೆ ಮಾತ್ರ ಬೇಡ.

ನಿದ್ದೆಯ ವಿಷಯವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಊಟ ಸೇರುವುದಿಲ್ಲ ಅಂತ ಒಂದು ಕಡೆ ಬರೆದಿದ್ದೀರಿ. ಇದು ಎರಡು ವಾರಕ್ಕಿಂತ ಹೆಚ್ಚು ನಡೆದಿದ್ದರೆ, ಜೊತೆಗೆ ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅನ್ನುವ ಹಾಗಿದ್ದರೆ ಅದು ಬರೀ ಹೊಟ್ಟೆಕಿಚ್ಚು ಅಲ್ಲ, ಖಿನ್ನತೆ ಇರಬಹುದು. ವಯಸ್ಸಾದವರಲ್ಲಿ ಥೈರಾಯ್ಡ್ ಅಥವಾ ಬಿ12 ಕಡಿಮೆಯಾದರೂ ಹೀಗೆ ಆಗುವುದುಂಟು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ವೈದ್ಯರನ್ನು ಕಾಣಬಹುದು. ಅಲ್ಲಿಗೆ ಹೋಗಲು ಸಂಕೋಚ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಮುಂದಕ್ಕೆ ಹಾಕಬೇಡಿ.

ಕೊನೆಗೆ ಜಾತ್ರೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಆವಾಗ ಊರಿನ ಯಾವ ಮನೆಯಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ಹೆದರಿಕೆ ಏನು ಅಂತ ನನಗೆ ಗೊತ್ತು. ಯಾರಾದರೂ ನೆಂಟರು, ‘ಮಗ ಈಗ ಏನ್ಮಾಡ್ತಾನೆ?’ ಅಂತ ಎಲ್ಲರ ಮುಂದೆ ಕೇಳುತ್ತಾರೆ. ನೀವು ದನಿ ತಗ್ಗಿಸಿ, ‘ಇಲ್ಲೇ ಸೊಸೈಟಿಲಿ ಏನೋ ಇದಾನೆ’ ಅನ್ನುತ್ತೀರಿ. ಅವನು ಅಲ್ಲೇ ನೀರಿನ ಜಗ್ಗು ಹಿಡಿದು ನಿಂತಿರುತ್ತಾನೆ. ಈ ಸಲ ನೀವು ಉತ್ತರ ಕೊಡಲು ಹೋಗಬೇಡಿ. ‘ಅವನೇ ಇದಾನಲ್ಲ, ಕೇಳ್ರಿ’ ಅಂತ ಅವನನ್ನೇ ಕರೆಯಿರಿ. ಅವನು ಏನು ಹೇಳುತ್ತಾನೋ ಹೇಳಲಿ, ಅದಕ್ಕೆ ನೀವು ಒಂದು ಪದವನ್ನೂ ಸೇರಿಸಬೇಡಿ.

ಇನ್ನು ವಾರಗಿತ್ತಿ. ಗೃಹಪ್ರವೇಶದ ದಿನ ನೀವು ನೋಡಿದ್ದು ಆ ಮನೆಯನ್ನು, ಅವರನ್ನಲ್ಲ. ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತವರ ಹತ್ತಿರ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತದೆ? ಪಾಲಾಗುವ ಮುಂಚೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಎಷ್ಟೋ ವರ್ಷ ಇದ್ದವರು. ಅತ್ತೆಯ ಬೈಗುಳ ಇಬ್ಬರೂ ಹಂಚಿಕೊಂಡಿದ್ದೀರಿ ಅಂತ ನೀವೇ ನಗುತ್ತಾ ಬರೆದಿದ್ದೀರಿ. ಪತ್ರದಲ್ಲಿ ನೀವು ನಕ್ಕ ಜಾಗ ಅದೊಂದೇ. ಜಾತ್ರೆಗೆ ಅವರನ್ನು ಸಂಜೆ ಊಟದ ಹೊತ್ತಿಗೆ ಬರುವ ನೆಂಟರ ಹಾಗೆ ಕರೆಯಬೇಡಿ. ‘ಅಕ್ಕಾ, ಹೋಳಿಗೆಗೆ ಹೂರಣ ನೀನೇ ಹದ ಮಾಡಬೇಕು, ಬೆಳಗ್ಗೇನೇ ಬಾ’ ಅಂತ ಫೋನ್ ಮಾಡಿ. ಸೊಸೆಗೂ ಮೊದಲೇ ಹೇಳಿಡಿ, ಒಲೆ ಹತ್ತಿರ ಮೂರು ಜನಕ್ಕೆ ಜಾಗ ಮಾಡಿಕೊಳ್ಳಲಿ.